ಬೀಳುವುದಕ್ಕೂ ಒಂದು ಲೆಕ್ಕವಿದೆ: ಯಾಕಿಮಾ ಕನಟ್ ಎಂಬ ಸ್ಟಂಟ್‌ಮನ್

1939ರಲ್ಲಿ ಬಿಡುಗಡೆಯಾದ ಜಾನ್ ಫೋರ್ಡ್ ನಿರ್ದೇಶನದ ‘ಸ್ಟೇಜ್‌ಕೋಚ್’ ಚಿತ್ರದಲ್ಲಿ, ಆರು ಕುದುರೆಗಳ ಸಾರೋಟೊಂದನ್ನು ಅಪಾಚೆ ಸವಾರರು ಬಟಾಬಯಲಿನಲ್ಲಿ ಬೆನ್ನಟ್ಟುವ ದೃಶ್ಯವಿದೆ. ಅವರಲ್ಲೊಬ್ಬ ತನ್ನ ಕುದುರೆಯನ್ನು ಸಾರೋಟಿನ ಮುಂದಿನ ಜೋಡಿಯ ಸಮಕ್ಕೆ ತಂದು, ಓಡುತ್ತಿರುವ ಕುದುರೆಯ ಬೆನ್ನಿನಿಂದ ಓಡುತ್ತಿರುವ ಇನ್ನೊಂದರ ಬೆನ್ನಿಗೆ ನೆಗೆಯುತ್ತಾನೆ. ಸಾರೋಟಿನ ಮೇಲಿಂದ ಗುಂಡು ಹಾರುತ್ತದೆ. ಆತ ಎರಡು ಕುದುರೆಗಳ ನಡುವೆ ಜಾರಿ, ಮೂಕಿಗೆ ಜೋತುಬಿದ್ದು, ಬೆನ್ನನ್ನೂ ಕಾಲನ್ನೂ ನೆಲಕ್ಕೆ ಉಜ್ಜಿಸಿಕೊಳ್ಳುತ್ತ ಸ್ವಲ್ಪ ದೂರ ಎಳೆದುಕೊಂಡು ಹೋಗಲ್ಪಡುತ್ತಾನೆ. ಇನ್ನೊಂದು ಗುಂಡಿನ ಸದ್ದಾಗುತ್ತದೆ, ಆತ ಕೈಬಿಡುತ್ತಾನೆ. ಹಿಂದಿನ ಕುದುರೆಗಳ ಗೊರಸುಗಳು ಆತನ ಎಡಬಲದಲ್ಲಿ ಹಾದು, ಸಾರೋಟು ಆತನ ಮೇಲೆಯೇ ಸಾಗಿ, ಹಿಂದೆ ಉಳಿದ ಧೂಳಿನಲ್ಲಿ ಒಂದು ದೇಹ ಹೊರಳುವುದು ಕಾಣುತ್ತದೆ. ಬೊಂಬೆಯನ್ನು ಎಸೆದು ಕಣ್ಕಟ್ಟು ಮಾಡಿರಬಹುದೆಂದು ಅನುಮಾನಪಡುವುದಕ್ಕೆ ಅಲ್ಲಿ ಆಸ್ಪದವೇ ಇಲ್ಲ, ಏಕೆಂದರೆ ನೆಗೆದವನೂ ಜಾರಿದವನೂ ಹೊರಳಿದವನೂ ಒಬ್ಬನೇ ಎಂಬುದನ್ನು ಕ್ಯಾಮೆರಾ ಕಣ್ಣು ಮುಚ್ಚದೆ ತೋರಿಸುತ್ತದೆ.

ಕ್ಯಾಲಿಫೋರ್ನಿಯಾದ ಮೊಹಾವಿ ಮರುಭೂಮಿಯ ವಿಕ್ಟರ್‌ವಿಲ್ ಊರಿಗೆ ಹತ್ತಿರದ ಲೂಸರ್ನ್ ಎಂಬ ಒಣಗಿದ ಕೆರೆಯಂಗಳದಲ್ಲಿ ಹೀಗೆ ಬಿದ್ದವನು ಯಾಕಿಮಾ ಕನಟ್. ಈ ಸಾಹಸವನ್ನು ಹೇಗೆ ಮಾಡಬೇಕೆಂದು ಆತ ಮುಂದೆ ವಿವರಿಸಿದ್ದನ್ನು ಓದಿದಾಗ ನನಗೆ ದೃಶ್ಯಕ್ಕಿಂತ ಆ ವಿವರಣೆಯೇ ಹೆಚ್ಚು ಹಿಡಿಸಿತು. ಕುದುರೆಗಳನ್ನು ಆದಷ್ಟು ಜೋರಾಗಿ ಓಡಿಸಬೇಕು ಎನ್ನುತ್ತಾನೆ ಆತ. ನಮಗೆ ತೋಚುವುದು ಇದಕ್ಕೆ ತದ್ವಿರುದ್ಧ: ಮೈಮೇಲೆ ಗಾಡಿ ಹರಿಯುವುದಿದ್ದರೆ ಅದು ಮೆಲ್ಲಗೆ ಹರಿಯಲಿ ಎಂದೇ ಯಾರೂ ಬಯಸುತ್ತಾರೆ. ಆದರೆ ಮೆಲ್ಲಗೆ ಓಡುವ ಕುದುರೆ ಅತ್ತಿತ್ತ ವಾಲುತ್ತದೆ, ನಾಗಾಲೋಟದಲ್ಲಿರುವ ಕುದುರೆ ಗೆರೆ ಎಳೆದಂತೆ ನೇರ ಓಡುತ್ತದೆ. ಗೊರಸುಗಳ ನಡುವೆ ಮಲಗಬೇಕಾದವನಿಗೆ ವೇಗಕ್ಕಿಂತ ಆ ನೇರವೇ ಮುಖ್ಯ. ಕೈಬಿಟ್ಟ ಕ್ಷಣವೇ ತೋಳುಗಳನ್ನು ಎದೆ ಹೊಟ್ಟೆಯ ಮೇಲೆ ತಂದುಕೊಂಡು ಮೊಣಕೈಗಳನ್ನು ಮೈಗೆ ಒತ್ತಿ ಹಿಡಿಯಬೇಕು, ಇಲ್ಲದಿದ್ದರೆ ಗಾಡಿಯ ಮುಂದಿನ ಅಚ್ಚು ಅವನ್ನು ಕಿತ್ತುಕೊಂಡೇ ಹೋಗುತ್ತದೆ ಎಂಬುದು ಆತನ ಎರಡನೆಯ ಸೂಚನೆ. ‘ಸ್ಟೇಜ್‌ಕೋಚ್’ಗೆ ಮೊದಲೇ ಸಣ್ಣ ಬಜೆಟ್ಟಿನ ಚಿತ್ರವೊಂದರಲ್ಲಿ ಆತ ಈ ಪಟ್ಟನ್ನು ಮಾಡಿ ನೋಡಿದ್ದ. ಫೋರ್ಡ್ ಎದುರಿಗೆ ನಿಂತಾಗ ಆತನ ಬಳಿ ಎದೆಗಾರಿಕೆ ಇದ್ದೇ ಇತ್ತು. ಆದರೆ ಆತ ನೆಚ್ಚಿಕೊಂಡದ್ದು ಅದನ್ನಲ್ಲ, ಮೊದಲೇ ಹಾಕಿಟ್ಟುಕೊಂಡ ಲೆಕ್ಕವನ್ನು. ಶಾಟ್ ಮುಗಿದ ಮೇಲೆ ಅದು ಸರಿಯಾಗಿ ಸಿಕ್ಕಿತೇ ಎಂದು ಕನಟ್ ಕೇಳಿದ್ದಕ್ಕೆ, ಸಿಗದಿದ್ದರೂ ಇನ್ನೊಮ್ಮೆ ತೆಗೆಯುವ ಮಾತೇ ಇಲ್ಲ ಎಂದು ಫೋರ್ಡ್ ಉತ್ತರಿಸಿದನೆಂಬ ಕಥೆ ಹಾಲಿವುಡ್ಡಿನಲ್ಲಿ ಬಹಳ ಕಾಲ ಓಡಾಡಿಕೊಂಡಿತ್ತು.

ಆತನ ನಿಜ ಹೆಸರು ಇನೋಸ್ ಎಡ್ವರ್ಡ್ ಕನಟ್. ಹುಟ್ಟಿದ್ದು 1895ರಲ್ಲಿ, ಅಮೆರಿಕದ ವಾಯವ್ಯ ಮೂಲೆಯ ವಾಷಿಂಗ್ಟನ್ ರಾಜ್ಯದ ಕೋಲ್ಫ್ಯಾಕ್ಸ್ ಎಂಬ ಊರಿನ ಬಳಿ, ಸ್ನೇಕ್ ನದಿಯ ಗುಡ್ಡಗಳ ನಡುವಿನ ಒಂದು ರ‍್ಯಾಂಚಿನಲ್ಲಿ. ಹುಡುಗನಾಗಿದ್ದಾಗಲೇ ಒರಟು ಕುದುರೆಗಳನ್ನು ಪಳಗಿಸಲು ಕಲಿತು, ಹದಿನಾರರ ಹೊತ್ತಿಗೆ, 1912ರಲ್ಲಿ, ಊರ ಜಾತ್ರೆಯಂಥ ಕೌಂಟಿ ಮೇಳದಲ್ಲಿ ಸವಾರಿಯ ಸ್ಪರ್ಧೆಗೆ ಇಳಿದ. ಅಲ್ಲಿಂದ ಮುಂದೆ ರೋಡಿಯೋ ಎಂಬ ಕುದುರೆ ಆಟವೇ ಆತನ ಹೊಟ್ಟೆಪಾಡಾಯಿತು. 1914ರಲ್ಲಿ ಒರೆಗಾನ್ ರಾಜ್ಯದ ಪೆಂಡಲ್‌ಟನ್‌ನಲ್ಲಿ ನಡೆದ ಪ್ರಸಿದ್ಧ ರೌಂಡ್-ಅಪ್‌ನಲ್ಲಿ ಆತ ಕುದುರೆಯ ಮೇಲಿಂದ ಹಾರಿ ಬೀಳುತ್ತಿದ್ದ ಚಿತ್ರವೊಂದು ಪತ್ರಿಕೆಯಲ್ಲಿ ಅಚ್ಚಾದಾಗ, ಅಡಿಬರಹ ಬರೆದವರು ಆತನನ್ನು ಯಾಕಿಮಾ ಊರಿನವನೆಂದು ತಪ್ಪು ತಿಳಿದು ‘ಯಾಕಿಮಾ ಕನಟ್’ ಎಂದು ಬರೆದರು. ಆತ ಆ ಊರಿನವನಲ್ಲ, ಆದರೂ ಹೆಸರು ಅಂಟಿಕೊಂಡಿತು. ಗೆಳೆಯರ ಬಾಯಲ್ಲಿ ‘ಯಾಕ್’ ಎಂದು ಚಿಕ್ಕದಾಯಿತು. 1917ರಿಂದ 1923ರ ನಡುವೆ ಅದೇ ಪೆಂಡಲ್‌ಟನ್‌ನಲ್ಲಿ ಆತ ಹಲವು ಬಾರಿ ಸರ್ವಶ್ರೇಷ್ಠ ಸವಾರನೆನಿಸಿಕೊಂಡ. ಕೌಬಾಯ್‌ಗಳ ಲೋಕದಲ್ಲಿ ಅದು ಸಣ್ಣ ಮಾತಲ್ಲ.

ಇಂಥವರು ಹಾಲಿವುಡ್ಡಿಗೆ ಬಂದದ್ದು ಏಕೆಂಬುದನ್ನು ಇಲ್ಲಿ ಹೇಳಬೇಕು. ಬಯಲುಸೀಮೆಗೆ ಬೇಲಿ ಬಿದ್ದು, ದನಗಳ ಮಂದೆಯನ್ನು ನೂರಾರು ಮೈಲಿ ಹೊಡೆದುಕೊಂಡು ಹೋಗುವ ಕಾಲ ಮುಗಿದು, ಕೌಬಾಯ್ ಕೆಲಸ ತೀರ ಕಡಿಮೆಯಾಗಿದ್ದ ಹೊತ್ತಿನಲ್ಲೇ ಸಿನಿಮಾ ಎಂಬ ಹೊಸ ಉದ್ಯಮ ಕೌಬಾಯ್ ಕಥೆಗಳನ್ನು ಹೇಳತೊಡಗಿತ್ತು. ರ‍್ಯಾಂಚು ಕಳೆದುಕೊಂಡ ಸವಾರರು ಲಾಸ್ ಏಂಜಲೀಸಿನ ಸನ್‌ಸೆಟ್ ಮತ್ತು ಗೋವರ್ ರಸ್ತೆಗಳು ಕೂಡುವ ಮೂಲೆಯಲ್ಲಿ, ತಮ್ಮ ಟೋಪಿ ಬೂಟುಗಳ ಸಮೇತ, ಆ ದಿನದ ಕೂಲಿಗೆ ಯಾರಾದರೂ ಕರೆಯಬಹುದೆಂದು ಕಾಯುತ್ತ ನಿಲ್ಲುತ್ತಿದ್ದರು. ಆ ಮೂಲೆಗೆ ‘ಗೋವರ್ ಗಲ್ಚ್’ ಎಂಬ ಅಡ್ಡಹೆಸರೇ ಬಂತು. ಬದುಕಾಗಿ ಉಳಿಯದ ಒಂದು ಕಸುಬನ್ನು ಆಟವಾಗಿ ಆಡಿ ತೋರಿಸಿ ಅವರು ಹೊಟ್ಟೆ ಹೊರೆದುಕೊಂಡರು. ಶಾಸ್ತ್ರೀಯವೆಂದು ನಾವು ಇಂದು ಕರೆಯುವ ವೆಸ್ಟರ್ನ್ ಚಿತ್ರಗಳಲ್ಲಿ ಕುದುರೆ ಸವಾರಿ ಅಷ್ಟು ಸಹಜವಾಗಿ ಕಾಣುವುದಕ್ಕೆ ನಿರ್ದೇಶಕರ ಜಾಣತನಕ್ಕಿಂತ ಈ ನಿರುದ್ಯೋಗವೇ ದೊಡ್ಡ ಕಾರಣವೆಂದು ನನ್ನ ಎಣಿಕೆ.

ಕನಟ್ ಆ ಮೂಲೆಯಲ್ಲಿ ಬಹಳ ಕಾಲ ನಿಲ್ಲಬೇಕಾಗಲಿಲ್ಲ. ರೋಡಿಯೋದ ಹೆಸರಿತ್ತು, ಮುಖವೂ ಚೆನ್ನಾಗಿತ್ತು. 1920ರ ದಶಕದಲ್ಲಿ ಮೂಕಿ ಚಿತ್ರಗಳ ನಾಯಕನಾಗಿಯೇ ಆತ ಸಾಲಾಗಿ ನಟಿಸಿದ. ರೆಕ್ಸ್ ಎಂಬ ಕುಖ್ಯಾತ ಸಿಡುಕಿನ ಕುದುರೆಯ ಜೊತೆ 1926ರಲ್ಲಿ ಮಾಡಿದ ಚಿತ್ರ ಅವುಗಳಲ್ಲಿ ಹೆಸರಾಯಿತು. ಅಷ್ಟರಲ್ಲಿ ಸಿನಿಮಾಕ್ಕೆ ಮಾತು ಬಂತು. ಮೊದಲ ಮಹಾಯುದ್ಧದ ಕೊನೆಯ ವರ್ಷ ನೌಕಾಪಡೆಯಲ್ಲಿದ್ದಾಗ ತಗಲಿದ ಇನ್‌ಫ್ಲುಯೆಂಜಾ ಆತನ ಗಂಟಲನ್ನು ಕೆಡಿಸಿತ್ತು. ಸ್ವರದಲ್ಲಿ ಏರಿಳಿತವಿರಲಿಲ್ಲ, ನಾಯಕನ ಬಾಯಿಂದ ಪ್ರೇಕ್ಷಕರು ಬಯಸುವ ಧ್ವನಿ ಅದಾಗಿರಲಿಲ್ಲ. ಮಾತಿನ ಚಿತ್ರಗಳು ಬಂದಾಗ ನೆಲೆ ಕಳೆದುಕೊಂಡ ನಟರ ಕಥೆಗಳನ್ನು ನಾವು ಬೇಕಾದಷ್ಟು ಕೇಳಿದ್ದೇವೆ, ಅವರಲ್ಲಿ ಹೆಚ್ಚಿನವರು ಕುಡಿತಕ್ಕೋ ಕಹಿಗೋ ಸಂದುಹೋದರು. ಕನಟ್ ಮಾತ್ರ ತನ್ನ ಬಳಿ ಇನ್ನೇನು ಉಳಿದಿದೆ ಎಂದು ಎಣಿಸಿ ನೋಡಿದ. ಬೀಳಲು ಧ್ವನಿ ಬೇಕಾಗಿರಲಿಲ್ಲ.

1930ರ ದಶಕದ ಮೊದಲರ್ಧದಲ್ಲಿ ಮ್ಯಾಸ್ಕಾಟ್, ಮೊನೊಗ್ರಾಮ್, ಲೋನ್ ಸ್ಟಾರ್ ಮೊದಲಾದ ಬಡ ಕಂಪನಿಗಳು ಕೆಲವೇ ದಿನಗಳಲ್ಲಿ ಒಂದೊಂದು ಚಿತ್ರ ಮುಗಿಸುತ್ತಿದ್ದವು. ಇನ್ನೂ ತಾರೆಯಾಗಿರದ ಜಾನ್ ವೇಯ್ನ್ ಲೋನ್ ಸ್ಟಾರ್ ಕಂಪನಿಗೆ 1933 ಮತ್ತು 1935ರ ನಡುವೆ 16 ಚಿತ್ರಗಳನ್ನು ಮಾಡಿದ. ಅವುಗಳಲ್ಲಿ ಎಷ್ಟೋ ಚಿತ್ರಗಳಲ್ಲಿ ಖಳನ ವೇಷದಲ್ಲಿ ಕನಟ್ ಇರುತ್ತಿದ್ದ, ವೇಯ್ನ್‌ಗೆ ಡ್ಯೂಪ್ ಆಗಿಯೂ ಅವನೇ ಇರುತ್ತಿದ್ದ. ಹೀಗಾಗಿ ಖಳ ಕನಟ್ ಕುದುರೆಯೇರಿ ಪರಾರಿಯಾಗುತ್ತಾನೆ, ನಾಯಕನ ಅಂಗಿ ತೊಟ್ಟ ಕನಟ್ ಅವನನ್ನು ಅಟ್ಟಿಸಿಕೊಂಡು ಹೋಗುತ್ತಾನೆ, ಸೇತುವೆಯಿಂದ ನೀರಿಗೆ ಧುಮುಕುವವನೂ ಅವನೇ. ದುಡ್ಡಿಲ್ಲದ ಕಂಪನಿಗೆ ಇದರಿಂದ ಒಂದು ಕೂಲಿ ಉಳಿಯಿತು. ಈ ಚಿತ್ರಗಳನ್ನು ನೋಡುವಾಗ ಕಥೆಯನ್ನು ಬದಿಗಿಟ್ಟು ಓಡುವವನ ಭುಜದ ಬಾಗು, ಕುದುರೆ ಹತ್ತುವ ಲಯ ಇವನ್ನೇ ಗಮನಿಸಿದರೆ ಎರಡೂ ಕಡೆ ಒಬ್ಬನೇ ಇರುವುದು ಗೊತ್ತಾಗಿ ನಗು ಬರುತ್ತದೆ. ಇನ್ನೂ ಸ್ವಾರಸ್ಯದ ಸಂಗತಿಯೆಂದರೆ, ಲೋಕವೆಲ್ಲ ‘ಜಾನ್ ವೇಯ್ನ್ ನಡಿಗೆ’ ಎಂದು ಅನುಕರಿಸಿದ ಆ ಓಲಾಟದ ನಡಿಗೆ, ಅಪಾಯ ಹತ್ತಿರವಾದಷ್ಟೂ ತಗ್ಗುವ ಆ ಎಳೆದೆಳೆದ ಮಾತು, ಇವನ್ನೆಲ್ಲ ತಾನು ಕನಟ್‌ನಿಂದಲೇ ಎತ್ತಿಕೊಂಡದ್ದೆಂದು ವೇಯ್ನ್ ಹೇಳಿಕೊಂಡಿದ್ದಾನೆ. ಡ್ಯೂಪ್ ಎಂಬವನು ನಾಯಕನಂತೆ ಕಾಣಬೇಕೆಂಬುದು ಈ ಕಸುಬಿನ ನಿಯಮ, ಇಲ್ಲಿ ನಾಯಕನೇ ಡ್ಯೂಪ್‌ನಂತೆ ಆದ.

ಹೊಡೆದಾಟದ ದೃಶ್ಯಗಳ ವ್ಯಾಕರಣ ರೂಪುಗೊಂಡದ್ದೂ ಇದೇ ಬಡ ಚಿತ್ರಗಳಲ್ಲಿ. ಅದುವರೆಗೆ ತೆರೆಯ ಮೇಲಿನ ಜಗಳಗಳಲ್ಲಿ ಏಟುಗಳು ಭುಜಕ್ಕೋ ಎದೆಗೋ ನಿಜವಾಗಿ ತಗಲುತ್ತಿದ್ದವು, ಆದ್ದರಿಂದ ಹೊಡೆಯುವವನ ಕೈ ತಾನಾಗಿಯೇ ಹಿಂಜರಿಯುತ್ತಿತ್ತು, ನೋಡುವವನಿಗೆ ಅದು ಗೊತ್ತಾಗುತ್ತಿತ್ತು. ನಿರ್ದೇಶಕ ರಾಬರ್ಟ್ ಬ್ರ್ಯಾಡ್‌ಬರಿ, ವೇಯ್ನ್ ಮತ್ತು ಕನಟ್ ಕೂಡಿ ಕ್ಯಾಮೆರಾ ಇಡುವ ಜಾಗವನ್ನೇ ಬದಲಿಸಿದರು. ಏಟು ತಿನ್ನುವವನ ಬೆನ್ನ ಹಿಂದೆ, ಅವನ ಹೆಗಲ ಮೇಲಿಂದ ನೋಡುವಂತೆ ಕ್ಯಾಮೆರಾ ಇಟ್ಟರೆ, ಮುಷ್ಟಿ ಮುಖದ ಮುಂದೆ ಗೇಣು ದೂರದಲ್ಲಿ ಹಾದುಹೋದರೂ ಮಸೂರಕ್ಕೆ ಆ ಅಂತರ ಕಾಣುವುದಿಲ್ಲ. ಹೊಡೆಯುವವನು ಪೂರ್ತಿ ಬೀಸಬಹುದು. ತಿನ್ನುವವನು ಸರಿಯಾದ ಹೊತ್ತಿಗೆ ತಲೆ ಹೊರಳಿಸಬೇಕು, ಅಷ್ಟೆ. ಸದ್ದನ್ನು ಆಮೇಲೆ ಸೇರಿಸಿದರಾಯಿತು. ನಮ್ಮ ಸಿನಿಮಾಗಳ ‘ಡಿಶುಂ’ ಕೂಡ ಇದೇ ಅಂತರವನ್ನು ಬಚ್ಚಿಡುವ ಸದ್ದು. ಫೈಟ್ ಮಾಸ್ಟರ್‌ಗಳು ಇಂದಿಗೂ ಹೊಸ ಹುಡುಗರಿಗೆ ಮೊದಲು ಹೇಳಿಕೊಡುವುದು ಕ್ಯಾಮೆರಾ ಎಲ್ಲಿದೆ ನೋಡಿಕೋ ಎಂದೇ.

ಕನಟ್‌ನ ಕೈಚಳಕ ನಿಜವಾಗಿ ಕಾಣುವುದು ಸಲಕರಣೆಗಳಲ್ಲಿ. ಕುದುರೆಯಿಂದ ಬೀಳುವವನಿಗೆ ನೆಲಕ್ಕಿಂತ ಹೆಚ್ಚು ಭಯ ರಿಕಾಪಿನದು. ಪಾದ ಅದರಲ್ಲಿ ಸಿಕ್ಕಿಕೊಂಡರೆ ಬೆದರಿದ ಕುದುರೆ ಆತನನ್ನು ಎಳೆದುಕೊಂಡು ಓಡುತ್ತದೆ, ತಲೆ ಹಿಂಗಾಲುಗಳ ಪಕ್ಕದಲ್ಲೇ ಇರುತ್ತದೆ. ರಿಕಾಪಿನ ಒಂದು ಬದಿಯನ್ನು ತೆರೆದುಬಿಟ್ಟು, ಇಂಗ್ಲಿಷಿನ ‘ಎಲ್’ ಅಕ್ಷರದ ಆಕಾರದ ಮೆಟ್ಟಿಲಿನಂತೆ ಆತ ಅದನ್ನು ಮಾಡಿಸಿದ. ಪಾದ ಊರಿ ಚಿಮ್ಮಲು ಆಧಾರವಿರುತ್ತದೆ, ಬಿಟ್ಟಾಗ ಹಿಡಿದಿಡುವುದು ಏನೂ ಇರುವುದಿಲ್ಲ. ಇಷ್ಟು ಸರಳವಾದ ಬದಲಾವಣೆ ಅದಕ್ಕೂ ಮೊದಲು ಯಾರಿಗೂ ಏಕೆ ಹೊಳೆಯಲಿಲ್ಲವೆಂದು ಕೇಳಿದರೆ, ಬೀಳುವುದನ್ನು ಅದುವರೆಗೆ ಯಾರೂ ಕೆಲಸವೆಂದು ಎಣಿಸಿರಲಿಲ್ಲ, ದುರದೃಷ್ಟವೆಂದು ಎಣಿಸಿದ್ದರು ಎಂದು ನಾನು ಉತ್ತರಿಸುತ್ತೇನೆ. ಗಾಡಿ ಮಗುಚುವ ದೃಶ್ಯದ್ದೂ ಇದೇ ಕಥೆ. ಓಡುವ ಗಾಡಿಯನ್ನು ಸುಮ್ಮನೆ ಉರುಳಿಸಲು ಹೋದರೆ ಅದು ಎಲ್ಲಿ, ಯಾವ ಮಗ್ಗುಲಿಗೆ ಬೀಳುತ್ತದೆಂದು ಹೇಳಲು ಬರುವುದಿಲ್ಲ, ಕುದುರೆಗಳೂ ಜೊತೆಗೆ ಬೀಳುತ್ತವೆ. ಮೂಕಿಯನ್ನು ಗಾಡಿಗೆ ಸೇರಿಸುವ ಕೊಂಡಿ ಬೇಕಾದ ಕ್ಷಣಕ್ಕೆ ಕಳಚಿಕೊಳ್ಳುವಂತೆ ಆತ ಏರ್ಪಾಡು ಮಾಡಿದ. ಕುದುರೆಗಳು ತಮ್ಮ ಪಾಡಿಗೆ ಓಡಿಹೋಗುತ್ತವೆ, ಗಾಡಿಗೆ ಕಟ್ಟಿದ ಅಳತೆಯ ಉಕ್ಕಿನ ಹಗ್ಗ ಬಿಗಿಯುತ್ತದೆ, ಗಾಡಿ ಗುರುತು ಹಾಕಿದ ಜಾಗದಲ್ಲೇ ಪಲ್ಟಿಯಾಗುತ್ತದೆ. ಒಂದೇ ಜಾಗ ಎಂದು ಗೊತ್ತಿದ್ದರೆ ಅಲ್ಲಿನ ಮಣ್ಣನ್ನು ಅಗೆದು ಮೆತ್ತಗೆ ಮಾಡಬಹುದು, ಕ್ಯಾಮೆರಾವನ್ನೂ ಹತ್ತಿರ ಇಡಬಹುದು. ‘ಸ್ಟೇಜ್‌ಕೋಚ್’ನಲ್ಲಿ ಸಾರೋಟು ನದಿ ದಾಟುವ ಕಡೆ, ಟೊಳ್ಳು ಮಾಡಿದ ಮರದ ದಿಮ್ಮಿಗಳನ್ನು ಅದಕ್ಕೆ ಕಟ್ಟಿ ತೇಲಿಸಿ, ನೀರಿನಡಿಯ ಹಗ್ಗದಿಂದ ಆಚೆ ದಡಕ್ಕೆ ಎಳೆಸುವ ಉಪಾಯವೂ ಆತನದೇ.

ಇಲ್ಲಿಯವರೆಗೆ ಬರೆದದ್ದರಲ್ಲಿ ಲೆಕ್ಕವೆಲ್ಲ ಮನುಷ್ಯನ ಪರವಾಗಿದೆ. ಕುದುರೆಯ ಲೆಕ್ಕವನ್ನು ಬರೆಯದೆ ಮುಂದೆ ಹೋಗಲು ನನಗೆ ಮನಸ್ಸಿಲ್ಲ. ಆ ಕಾಲದ ಚಿತ್ರಗಳಲ್ಲಿ ನಾಗಾಲೋಟದ ಕುದುರೆ ಇದ್ದಕ್ಕಿದ್ದಂತೆ ಮುಗ್ಗರಿಸಿ, ತಲೆ ಕೆಳಗಾಗಿ ಲಾಗ ಹಾಕುವುದನ್ನು ನೋಡುತ್ತೇವಲ್ಲ, ಅದರ ಹಿಂದೆ ‘ರನ್ನಿಂಗ್ ಡಬ್ಲ್ಯೂ’ ಎಂಬ ಸಾಧನವಿರುತ್ತಿತ್ತು. ಕುದುರೆಯ ಮುಂಗಾಲುಗಳಿಗೆ ಪಟ್ಟಿ ತೊಡಿಸಿ, ಅವಕ್ಕೆ ಬಿಗಿದ ತಂತಿಯನ್ನು ಹೊಟ್ಟೆಪಟ್ಟಿಯ ಬಳೆಯ ಮೂಲಕ ಹಾಯಿಸಿ, ಇನ್ನೊಂದು ತುದಿಯನ್ನು ದೂರದಲ್ಲಿ ನೆಲದೊಳಗೆ ಹೂತ ಗೂಟಕ್ಕೆ ಕಟ್ಟುತ್ತಿದ್ದರು. ತಂತಿಯ ಉದ್ದ ಮುಗಿದೊಡನೆ ಮುಂಗಾಲುಗಳು ಎದೆಯತ್ತ ಸೆಳೆಯಲ್ಪಟ್ಟು ಕುದುರೆ ಬೀಳುತ್ತಿತ್ತು. ಸವಾರನಿಗೆ ಆ ಜಾಗ ಮೊದಲೇ ಗೊತ್ತು, ಆತ ತಯಾರಾಗಿರುತ್ತಿದ್ದ. ಕುದುರೆಗೆ ಗೊತ್ತಿಲ್ಲ. ಕನಟ್ ಈ ಸಾಧನವನ್ನು ಬಹಳ ಬಳಸಿದವರಲ್ಲಿ ಒಬ್ಬ. ಸರಿಯಾಗಿ ಮಾಡಿದರೆ ಕುದುರೆಗೆ ಅಪಾಯವಿಲ್ಲವೆಂಬುದು ಆತನ ವಾದವಾಗಿತ್ತು. ಆತನ ಕೈಯಲ್ಲಿ ಅದು ನಿಜವಿರಬಹುದು. ಆದರೆ ಎಲ್ಲರ ಕೈಯೂ ಕನಟ್‌ನ ಕೈಯಾಗಿರಲಿಲ್ಲ. 1936ರಲ್ಲಿ ತೆರೆಕಂಡ, ಕ್ರಿಮಿಯಾ ಯುದ್ಧದ ಅಶ್ವದಳದ ದಾಳಿಯನ್ನು ಕುರಿತ ಚಿತ್ರಕ್ಕಾಗಿ ಇಂಥ ತಂತಿಗಳಿಂದ ಉರುಳಿಸಿದ ಕುದುರೆಗಳಲ್ಲಿ ಹಲವು ಸತ್ತವು. 1939ರಲ್ಲಿ, ದರೋಡೆಕೋರ ಜೆಸ್ಸಿ ಜೇಮ್ಸ್‌ನನ್ನು ಕುರಿತ ಚಿತ್ರದಲ್ಲಿ ಕುದುರೆಯೊಂದನ್ನು ಎತ್ತರದ ಬಂಡೆಯಿಂದ ನೀರಿಗೆ ಬೀಳಿಸಲಾಯಿತು. ಅದು ಬದುಕಲಿಲ್ಲ. ಸವಾರ ಬದುಕಿದ.

ಆ ಸಾವಿನಿಂದ ಎದ್ದ ಗದ್ದಲದ ಫಲವಾಗಿ 1940ರಿಂದ ಅಮೆರಿಕನ್ ಹ್ಯೂಮೇನ್ ಅಸೋಸಿಯೇಷನ್ನಿನ ಪ್ರತಿನಿಧಿಗಳಿಗೆ ಚಿತ್ರೀಕರಣದ ಸ್ಥಳದಲ್ಲಿ ನಿಂತು ನೋಡುವ ಅಧಿಕಾರ ಸಿಕ್ಕಿತು, ತಂತಿಯ ಬಳಕೆಗೆ ಕಡಿವಾಣ ಬಿತ್ತು. ಆಮೇಲೆ ಬಂದದ್ದು ಬೀಳಲು ಕಲಿತ ಕುದುರೆಗಳ ಕಾಲ. ಲಗಾಮಿನ ಸೂಚನೆ ಸಿಕ್ಕೊಡನೆ ತಾವೇ ಮಗ್ಗುಲಾಗಿ ಉರುಳುವಂತೆ, ಮೆತ್ತನೆಯ ಮಣ್ಣಿನಲ್ಲಿ, ತಿಂಗಳುಗಟ್ಟಲೆ ಕಲಿಸಿದ ಕುದುರೆಗಳು ಇವು. ಇಂಥ ಕುದುರೆಗೆ ಸವಾರನಷ್ಟೇ ಬೆಲೆಯಿತ್ತು. ಮಜವೆಂದರೆ, ಹೀಗೆ ಬಿದ್ದ ಕುದುರೆಯ ಬೀಳು ತಂತಿಯ ಬೀಳಿಗಿಂತ ತೆರೆಯ ಮೇಲೆ ಚೆನ್ನಾಗಿಯೂ ಕಾಣುತ್ತದೆ. ಮೊದಲೇ ಈ ದಾರಿ ಹಿಡಿಯಬಹುದಿತ್ತು. ಹಿಡಿಯದಿದ್ದುದಕ್ಕೆ ಕಾರಣ, ತಂತಿ ಅಗ್ಗವಾಗಿತ್ತು. ರಿಕಾಪಿನ ಬಗ್ಗೆ ಅಷ್ಟು ಸೂಕ್ಷ್ಮವಾಗಿ ಯೋಚಿಸಿದ ಕನಟ್ ತಂತಿಯ ಬಗ್ಗೆ ಹಾಗೆ ಯೋಚಿಸಲಿಲ್ಲವೆಂಬುದು ಆತನ ವಿಷಯದಲ್ಲಿ ನನಗಿರುವ ದೊಡ್ಡ ತಕರಾರು.

ಇನ್ನೊಂದು ತಕರಾರು ಆತನದಲ್ಲ, ಆ ಚಿತ್ರಗಳದ್ದು. ಲೂಸರ್ನ್ ಕೆರೆಯಂಗಳದಲ್ಲಿ ಗುಂಡೇಟು ತಿಂದು ಬಿದ್ದ ‘ಅಪಾಚೆ’ ವಾಷಿಂಗ್ಟನ್ ರಾಜ್ಯದ ಬಿಳಿಯ. ಅದೇ ಓಟದಲ್ಲಿ, ಲಗಾಮು ಕೈತಪ್ಪಿದಾಗ ಸಾರೋಟಿನ ಮೇಲಿಂದ ಜೋಡಿಯಿಂದ ಜೋಡಿಗೆ ನೆಗೆಯುತ್ತ ಮುಂದಿನ ಕುದುರೆಗಳನ್ನು ತಲುಪುವ ನಾಯಕ ರಿಂಗೋ ಕೂಡ, ವೇಯ್ನ್‌ನ ಉಡುಪಿನಲ್ಲಿರುವ ಅದೇ ಕನಟ್. ಹೊಡೆದವನ ಕಡೆಯೂ ಅವನೇ, ಸತ್ತವನೂ ಅವನೇ. ಚಿತ್ರದಲ್ಲಿ ನಿಜವಾದ ಮೂಲನಿವಾಸಿಗಳೂ ಇದ್ದಾರೆ, ಆದರೆ ಅವರು ನವಾಹೊ ಜನ, ಅಪಾಚೆಗಳಾಗಿ ವೇಷ ಹಾಕಿದವರು. ಫೋರ್ಡ್ ಮಾನ್ಯುಮೆಂಟ್ ವ್ಯಾಲಿಯಲ್ಲಿ ಮೊದಲ ಸಲ ಚಿತ್ರೀಕರಣ ನಡೆಸಿದ್ದು ಈ ಚಿತ್ರಕ್ಕೇ, ಅದು ಅವರ ನೆಲ. ಹೆಸರಿಲ್ಲದೆ, ಮಾತಿಲ್ಲದೆ, ದಿಬ್ಬದ ಮೇಲೆ ಕಾಣಿಸಿಕೊಂಡು ಆಮೇಲೆ ಒಬ್ಬೊಬ್ಬರಾಗಿ ಕುದುರೆಯಿಂದ ಉರುಳುವುದಷ್ಟೇ ಕಥೆ ಅವರಿಗೆ ಕೊಟ್ಟ ಕೆಲಸ. ಬೆನ್ನಟ್ಟುವವರು ಸಾರೋಟಿನ ಕುದುರೆಗಳಿಗೇ ಏಕೆ ಗುಂಡು ಹೊಡೆಯಲಿಲ್ಲ ಎಂದು ಕೇಳಿದವರಿಗೆ, ಹಾಗೆ ಮಾಡಿದ್ದರೆ ಸಿನಿಮಾ ಅಲ್ಲಿಗೇ ಮುಗಿಯುತ್ತಿತ್ತು ಎಂದು ಫೋರ್ಡ್ ಹೇಳಿದನಂತೆ. ಜಾಣ ಉತ್ತರವೇನೋ ಹೌದು. ಆದರೆ ಬುದ್ಧಿಯಿರುವ ಶತ್ರುವನ್ನು ಕಲ್ಪಿಸಿಕೊಳ್ಳುವ ಕಷ್ಟವನ್ನು ಆ ಚಿತ್ರಗಳು ತೆಗೆದುಕೊಳ್ಳಲಿಲ್ಲವೆಂಬ ಒಪ್ಪಿಗೆಯೂ ಅದರಲ್ಲಿದೆ.

ಅದೇ 1939ರಲ್ಲಿ ಬಂದ ‘ಗಾನ್ ವಿತ್ ದ ವಿಂಡ್’ ಚಿತ್ರದಲ್ಲಿ, ಹೊತ್ತಿ ಉರಿಯುವ ಅಟ್ಲಾಂಟಾದ ನಡುವೆ ಗಾಡಿ ಹೊಡೆಯುವ ಕ್ಲಾರ್ಕ್ ಗೇಬಲ್‌ನ ಆಕೃತಿಯೂ ಕನಟ್‌ನದೇ. ಆ ಬೆಂಕಿಗೆ ಆಹುತಿಯಾದದ್ದು ಸ್ಟುಡಿಯೋದ ಹಿಂದಿನ ಬಯಲಿನಲ್ಲಿದ್ದ ಹಳೆಯ ಸೆಟ್ಟುಗಳು, 1938ರ ಡಿಸೆಂಬರಿನ ಒಂದು ರಾತ್ರಿ.

ಲೆಕ್ಕ ತಪ್ಪಿದ ದಿನಗಳೂ ಇದ್ದವು. 1940ರ ಒಂದು ಚಿತ್ರದಲ್ಲಿ ಗೇಬಲ್‌ಗೆ ಡ್ಯೂಪ್ ಆಗಿದ್ದಾಗ ಕುದುರೆ ಹಿಮ್ಮುಖವಾಗಿ ಆತನ ಮೇಲೆಯೇ ಬಿದ್ದು ಒಳಗಿನ ಅಂಗಗಳಿಗೆ ಪೆಟ್ಟಾಯಿತು. 1943ರಲ್ಲಿ ರಾಯ್ ರೋಜರ್ಸ್ ನಾಯಕನಾಗಿದ್ದ ಸಾಧಾರಣ ಚಿತ್ರವೊಂದಕ್ಕಾಗಿ ಗಾಡಿಯಿಂದ ಬಿದ್ದಾಗ ಎರಡೂ ಕಾಲು ಹರಡಿನ ಬಳಿ ಮುರಿದವು. ಸಾರೋಟು ಮೈಮೇಲೆ ಹಾಯ್ದು ಹೋದಾಗ ಏನೂ ಆಗದವನು ಯಾರಿಗೂ ನೆನಪಿಲ್ಲದ ದೃಶ್ಯದಲ್ಲಿ ಕಾಲು ಮುರಿದುಕೊಂಡ. ಈ ಕಸುಬಿನಲ್ಲಿ ಅದೇನೂ ಅಪರೂಪವಲ್ಲ: ದೊಡ್ಡ ಸಾಹಸಕ್ಕೆ ವಾರಗಟ್ಟಲೆ ತಯಾರಿ ನಡೆಯುತ್ತದೆ, ಸಣ್ಣದಕ್ಕೆ ಯಾರೂ ಎರಡು ಸಲ ಯೋಚಿಸುವುದಿಲ್ಲ. 1958ರಲ್ಲಿ ಫೋರ್ಡ್ ತನ್ನ ಅಂತರ್ಯುದ್ಧದ ಚಿತ್ರವನ್ನು ಲೂಯಿಸಿಯಾನಾದಲ್ಲಿ ಚಿತ್ರೀಕರಿಸುತ್ತಿದ್ದಾಗ ಫ್ರೆಡ್ ಕೆನಡಿ ಎಂಬ ಹಳೆಯ, ಪಳಗಿದ ಸ್ಟಂಟ್‌ಮನ್ ತನ್ನ ಬದುಕಿನಲ್ಲಿ ಅದೆಷ್ಟೋ ಸಲ ಮಾಡಿದ್ದ ಸಾಮಾನ್ಯವಾದ ಬೀಳು ಬೀಳಲು ಹೋಗಿ ಕುತ್ತಿಗೆ ಮುರಿದು ಸತ್ತ. ಫೋರ್ಡ್ ಆಮೇಲೆ ಆ ಚಿತ್ರದಲ್ಲಿ ಆಸಕ್ತಿಯನ್ನೇ ಕಳೆದುಕೊಂಡು, ಉಳಿದದ್ದನ್ನು ಚುಟುಕಾಗಿ ಮುಗಿಸಿ ಹೊರಟುಹೋದ.

ಮುರಿದ ಕಾಲುಗಳೇ ಕನಟ್‌ನನ್ನು ಕ್ಯಾಮೆರಾದ ಈಚೆಗೆ ತಂದವು ಎನ್ನಬಹುದು. ಸಾಹಸದ ದೃಶ್ಯಗಳನ್ನು ಪ್ರತ್ಯೇಕವಾಗಿ ಚಿತ್ರೀಕರಿಸುವ ಸೆಕೆಂಡ್ ಯೂನಿಟ್ಟಿನ ನಿರ್ದೇಶಕನಾಗಿ ಆತ ‘ಐವನ್‌ಹೋ’, ‘ಸ್ಪಾರ್ಟಕಸ್’, ‘ಎಲ್ ಸಿಡ್’ ಮೊದಲಾದ ಚಿತ್ರಗಳಿಗೆ ದುಡಿದ. ಎಲ್ಲಕ್ಕಿಂತ ಹೆಸರಾದದ್ದು 1959ರ ‘ಬೆನ್-ಹರ್’ನ ರಥದ ಓಟ. ರೋಮಿನ ಚಿನೆಚಿತ್ತಾ ಸ್ಟುಡಿಯೋದಲ್ಲಿ ಕಟ್ಟಿದ ಬೃಹತ್ ಅಂಗಣದಲ್ಲಿ ಒಂಬತ್ತು ರಥಗಳು, ಒಂದೊಂದಕ್ಕೆ ನಾಲ್ಕು ಕುದುರೆಗಳಂತೆ ಒಟ್ಟು 36 ಕುದುರೆಗಳು ಏಕಕಾಲಕ್ಕೆ ಓಡಬೇಕಿತ್ತು. ಆಂಡ್ರ್ಯೂ ಮಾರ್ಟನ್ ಜೊತೆ ಸೇರಿ ಕನಟ್ ಇದನ್ನು ರೂಪಿಸಿದ, ಸಾರಥಿಗಳನ್ನು ತಯಾರು ಮಾಡಿದ, ನಾಯಕ ಚಾರ್ಲ್ಟನ್ ಹೆಸ್ಟನ್‌ಗೂ ರಥ ಹೊಡೆಯಲು ಕಲಿಸಿದ. ರಥ ಓಡಿಸಲು ಬಂತು, ಆದರೆ ಓಟ ಗೆಲ್ಲಬಲ್ಲೆನೇ ಎಂದು ಹೆಸ್ಟನ್ ಅಳುಕಿದಾಗ, ನೀನು ರಥದ ಮೇಲೆ ನಿಂತಿರು ಸಾಕು, ಗೆಲ್ಲಿಸುವ ಜವಾಬ್ದಾರಿ ನನ್ನದು ಎಂದು ಕನಟ್ ಸಮಾಧಾನ ಹೇಳಿದ್ದನ್ನು ಹೆಸ್ಟನ್ ಕೊನೆಯವರೆಗೂ ನಗುತ್ತ ನೆನೆಯುತ್ತಿದ್ದ.

ಹೆಸ್ಟನ್‌ಗೆ ಡ್ಯೂಪ್ ಆಗಿದ್ದವನು ಕನಟ್‌ನ ಮಗ ಜೋ. ಮುರಿದುಬಿದ್ದ ರಥಗಳ ಮೇಲಿಂದ ನಾಯಕನ ರಥ ಹಾರಿಹೋಗಬೇಕಾದ ಕಡೆ, ಮರೆಯಲ್ಲೊಂದು ಇಳಿಜಾರು ಕಟ್ಟಿದ್ದರು. ರಥ ಲೆಕ್ಕದಂತೆಯೇ ಹಾರಿತು. ಆದರೆ ಅದು ನೆಲ ಮುಟ್ಟಿದ ರಭಸಕ್ಕೆ ಜೋ ಮುಂದಕ್ಕೆ ಎಸೆಯಲ್ಪಟ್ಟು, ರಥದ ಮುಂಬದಿಯನ್ನು ದಾಟಿ, ಕುದುರೆಗಳಿಗೂ ರಥಕ್ಕೂ ನಡುವೆ ಲಾಗ ಹೊಡೆದ. ಹೇಗೋ ಹಿಡಿತ ಸಿಕ್ಕಿತು. ಗಲ್ಲಕ್ಕೆ ಹೊಲಿಗೆ ಹಾಕಿಸಿಕೊಳ್ಳುವಷ್ಟು ಗಾಯದಲ್ಲಿ ಪಾರಾದ. ಆ ತುಣುಕನ್ನು ಎಸೆಯದೆ, ಹೆಸ್ಟನ್ ರಥಕ್ಕೆ ಮರಳಿ ಹತ್ತಿಕೊಳ್ಳುವ ಹತ್ತಿರದ ಶಾಟೊಂದನ್ನು ಆಮೇಲೆ ತೆಗೆದು ಅದಕ್ಕೆ ಜೋಡಿಸಿದರು. ಇಡೀ ಓಟದಲ್ಲಿ ಜನ ಇಂದಿಗೂ ಉಸಿರು ಬಿಗಿಹಿಡಿದು ನೋಡುವ ಕ್ಷಣ ಅದೇ. ಅಂಗಣದಲ್ಲಿ ಒಬ್ಬ ಸ್ಟಂಟ್‌ಮನ್ ಸತ್ತನೆಂದು, ಆ ಸಾವನ್ನೇ ಚಿತ್ರದಲ್ಲಿ ಉಳಿಸಿಕೊಂಡರೆಂದು ದಶಕಗಳ ಕಾಲ ಹಬ್ಬಿದ ಗಾಳಿಮಾತಿಗೆ ಆಧಾರವಿಲ್ಲ. ರಥದ ಅಡಿಗೆ ಸಿಕ್ಕಿ ಅಪ್ಪಚ್ಚಿಯಾಗುವವು ಬೊಂಬೆಗಳು. ಒಂದು ಓಟ ಚೆನ್ನಾಗಿ ಮೂಡಿಬಂದಿದ್ದರೆ ಅದಕ್ಕೆ ಯಾರೋ ಬಲಿಯಾಗಿಯೇ ಇರಬೇಕೆಂದು ನಂಬಲು ಪ್ರೇಕ್ಷಕರಾದ ನಾವು ಏಕೆ ಇಷ್ಟು ಸಿದ್ಧರಿರುತ್ತೇವೋ ಕಾಣೆ. ಯಾರೂ ಸಾಯಲಿಲ್ಲವೆಂಬುದು ಕನಟ್‌ಗೆ ಸಲ್ಲುವ ಅತಿ ದೊಡ್ಡ ಹೊಗಳಿಕೆ.

ಈ ಪರಂಪರೆಯ ಒಂದು ಕವಲು ನಮ್ಮ ಬೆಂಗಳೂರು–ಮೈಸೂರು ಹೆದ್ದಾರಿಯ ಪಕ್ಕಕ್ಕೂ ಬಂದಿದೆ. ವೆಸ್ಟರ್ನ್ ಚಿತ್ರಗಳ ಎರಕದಲ್ಲೇ ಹುಟ್ಟಿದ ‘ಶೋಲೆ’ 1975ರಲ್ಲಿ ತೆರೆಕಂಡಿತು. ಅದರ ಊರನ್ನು ಕಟ್ಟಿದ್ದು ರಾಮನಗರದ ಬಂಡೆಗಳ ಕೆಳಗೆ. ಸಾಹಸ ದೃಶ್ಯಗಳಿಗೆ ಬ್ರಿಟನ್ನಿನಿಂದ ತಂತ್ರಜ್ಞರು ಬಂದಿದ್ದರು. ಬಸಂತಿಯ ಟಾಂಗಾವನ್ನು ಡಕಾಯಿತರು ಬೆನ್ನಟ್ಟುವ ಪ್ರಸಿದ್ಧ ದೃಶ್ಯದಲ್ಲಿ ಹೇಮಾ ಮಾಲಿನಿಯವರಿಗೆ ಡ್ಯೂಪ್ ಆಗಿದ್ದವರು ರೇಷ್ಮಾ ಪಠಾಣ್. ಗಂಡಸರದೇ ದರ್ಬಾರಾಗಿದ್ದ ಕಸುಬಿನಲ್ಲಿ ಹದಿಹರೆಯದಲ್ಲೇ ಕಾಲಿಟ್ಟ ಅವರು ಆ ಚಿತ್ರೀಕರಣದಲ್ಲಿ ಗಾಯಗೊಂಡೂ ಕೆಲಸಕ್ಕೆ ಮರಳಿದವರು. ಬಂಡೆಗಳನ್ನು ತೋರಿಸಿ ಗಬ್ಬರ್‌ನ ಮಾತುಗಳನ್ನು ಒಪ್ಪಿಸುವ ನಮ್ಮ ಜನಕ್ಕೆ ಅವರ ಹೆಸರು ಇತ್ತೀಚಿನವರೆಗೂ ಗೊತ್ತಿರಲಿಲ್ಲ.

ಕನಟ್‌ಗೆ ಹೆಸರು ಸಿಕ್ಕಿತು, ತಡವಾಗಿಯಾದರೂ. 1967ರಲ್ಲಿ ಅಕಾಡೆಮಿ ಆತನಿಗೆ ಗೌರವ ಆಸ್ಕರ್ ನೀಡಿದಾಗ, ಸ್ಟಂಟ್‌ಮನ್ ಆಗಿ ಮಾಡಿದ ಸಾಧನೆಯ ಜೊತೆಗೆ ಎಲ್ಲೆಡೆಯ ಸ್ಟಂಟ್‌ಮನ್‌ಗಳನ್ನು ಕಾಪಾಡುವ ಸುರಕ್ಷಾ ಸಾಧನಗಳನ್ನು ರೂಪಿಸಿದ್ದಕ್ಕಾಗಿ ಎಂದು ಕಾರಣ ಬರೆಯಿತು. 1986ರಲ್ಲಿ, 90ನೆಯ ವಯಸ್ಸಿನಲ್ಲಿ, ಆತ ಲಾಸ್ ಏಂಜಲೀಸಿನ ನಾರ್ತ್ ಹಾಲಿವುಡ್ಡಿನಲ್ಲಿ ತೀರಿಕೊಂಡ. ಅಷ್ಟು ಸಲ ಬಿದ್ದವನು ಅಷ್ಟು ವರ್ಷ ಬದುಕಿದ್ದೇ ಆತನ ವಿಧಾನಕ್ಕೆ ಸಾಕ್ಷಿ. ಅದಾದ ಮೇಲೂ ಬಹಳ ಕಾಲ ಸಾಹಸ ಕಲಾವಿದರಿಗೆ ಆಸ್ಕರಿನಲ್ಲಿ ವಿಭಾಗವಿರಲಿಲ್ಲ. ಉಡುಪಿಗೆ, ಮೇಕಪ್ಪಿಗೆ, ಸದ್ದಿಗೆ ಪ್ರಶಸ್ತಿಯಿತ್ತು, ಬಿದ್ದವರಿಗೆ ಇರಲಿಲ್ಲ. 2025ರ ಏಪ್ರಿಲಿನಲ್ಲಿ ಅಕಾಡೆಮಿ ಕೊನೆಗೂ ಸಾಹಸ ವಿನ್ಯಾಸಕ್ಕೊಂದು ಪ್ರಶಸ್ತಿಯನ್ನು ಘೋಷಿಸಿತು. 2027ರಲ್ಲಿ ಬಿಡುಗಡೆಯಾಗುವ ಚಿತ್ರಗಳಿಂದ ಅದು ಅನ್ವಯವಾಗಿ, 2028ರ ನೂರನೆಯ ಸಮಾರಂಭದಲ್ಲಿ, ಎಂದರೆ ಕನಟ್ ಆಸ್ಕರ್ ಪಡೆದ 61 ವರ್ಷಗಳ ಮೇಲೆ, ಮೊದಲ ಸಲ ಕೈಸೇರಲಿದೆ. ಆ ಸಭೆಯಲ್ಲಿ ಕುದುರೆ ಪಳಗಿಸುವವರಿಗೂ ಎರಡು ಕುರ್ಚಿ ಕಾದಿರಿಸಿದರೆ ನನ್ನ ತಕರಾರುಗಳಲ್ಲಿ ಒಂದಾದರೂ ಕಡಿಮೆಯಾದೀತು.